ಧರ್ಮಣ್ಣನ ಕೈಗೆ ಬಂದ ಬಂದೂಕು

ಟ್ರ್ಯಾಕ್ಟರಿನಿಂದ ಗಂಡನ ಫೋಟೋ ಇಳಿದ ಗಳಿಗೆಯಿಂದ ಸಕ್ಕುಬಾಯಿ ಕುಂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಆಳೆತ್ತರದ ಫೋಟೋ. ಮಗ ಕಲ್ಯಾಣಕುಮಾರ ಹವಳಗಾ ಕಾರ್ಖಾನೆಗೆ ಕಬ್ಬು ಹಾಕಿ ಬರುವಾಗ ಅಫಜಲಪುರದಲ್ಲಿ ಮಾಡಿಸಿಕೊಂಡು ಬಂದಿದ್ದ. ಮುಖವೇನೋ ತೀರಿಕೊಂಡ ಧರ್ಮಣ್ಣನದೇ. ಕೊರಳಿನಿಂದ ಕೆಳಗೆ ಮಾತ್ರ ಯಾರೋ ಎದೆಯುಬ್ಬಿಸಿದ ಪೈಲ್ವಾನ, ಕೈಯಲ್ಲಿ ಇಷ್ಟುದ್ದದ ಬಂದೂಕು, ಹಿಂದೆ ಬೆಂಕಿ, ಹೊಗೆ, ಹಾರುವ ವಿಮಾನ. ಮೂಗಿಗಿಂತ ಮೂಗುತಿ ಭಾರ.

“ಇದು ಯಾರ ಮೈ ಲೇ?” ಎಂದು ಕೇಳಿದಳು.

“ಅಪ್ಪಂದ ಬೇ. ಹಳೇ ಫೋಟೋದಾಗ ಖಚ್ಚರ ಸಂಗಟ ನಿಂತಿದ್ನಲ್ಲ, ಅದು ಚಂದ ಕಾಣಂಗಿಲ್ಲಂತ ಅಂಗಡಿಯಂವ ತಗದು ಹಿಂಗ ಮಾಡ್ಯಾನ. ಐತವಾರ ಆಳಂದದಾಗ ಅಪ್ಪನ ನೆನಪಿನ ಸಭಾ ಅದ. ಮ್ಯೂಜಿಯಮ್ಮಿನಾಗ ಕಾಯಂ ತೂಗಹಾಕ್ತಾರ.”

ಆ ‘ಕಾಯಂ’ ಎಂಬ ಮಾತು ಅವಳ ಎದೆಗೆ ಚುಚ್ಚಿಕೊಂಡಿತು. ತಾನೂ ಹೋದ ಮೇಲೆ ಈ ಪೈಲ್ವಾನನೇ ಧರ್ಮಣ್ಣನಾಗಿ ಉಳಿಯುತ್ತಾನೆ. ಆಗ ಅಲ್ಲವೆನ್ನಲು ಯಾರಿದ್ದಾರೆ?

ಧರ್ಮಣ್ಣ ಎಪ್ಪತ್ತೊಂದರ ಯುದ್ಧಕ್ಕೆ ಹೋದವನೇ, ಅದರಲ್ಲಿ ಸುಳ್ಳಿಲ್ಲ. ಆದರೆ ಅವನು ಹೇಸರಗತ್ತೆಗಳ, ನಮ್ಮ ಕಡೆಯ ಮಾತಿನಲ್ಲಿ ಖಚ್ಚರಗಳ, ಪಲ್ಟಣದವನು. ಮಂಜಿನ ಗುಡ್ಡಗಳಿಗೆ ಮದ್ದುಗುಂಡು, ಹಿಟ್ಟು, ಸೀಮೆಎಣ್ಣೆ ಹೇರಿಕೊಂಡು ಹೋಗುವುದು, ಬರುವಾಗ ಗಾಯಗೊಂಡವರನ್ನು ಹೇರಿಕೊಂಡು ಬರುವುದು. ಬಂದೂಕು ಕೊಟ್ಟಿದ್ದರಂತೆ; ಅದು ಬೆನ್ನ ಮೇಲೇ ಇರುತ್ತಿತ್ತಂತೆ, ಎರಡು ಕೈಯೂ ಲಗಾಮಿಗೇ ಬೇಕಾಗುತ್ತಿದ್ದವು. ಅವನ ಹೇಸರಗತ್ತೆಯ ಹೆಸರು ಬಿಜಲಿ. ಒಮ್ಮೆ ಹಿಮದ ಬಿರುಗಾಳಿಯಲ್ಲಿ ಕಣ್ಣು ಕಾಣದೆ ಅದರ ಬಾಲ ಹಿಡಿದು ನಡೆದು ಜೀವ ಉಳಿಸಿಕೊಂಡಿದ್ದ. ಕೆಲವೇ ದಿನಗಳಲ್ಲಿ ಗುಂಡಿನ ಚೂರು ಬಡಿದು ಬಿಜಲಿ ಸತ್ತಿತು. ಸೈನ್ಯ ಬಿಟ್ಟು ತನ್ನೂರು ನಿಂಬರ್ಗಾಕ್ಕೆ ಬಂದ ಮೇಲೂ ಅವನ ಕಿಸೆಯಲ್ಲಿ ಕಡಲೆ ಖಾಲಿಯಾಗಲಿಲ್ಲ. ದಾರಿಯಲ್ಲಿ ಎತ್ತು ಸಿಗಲಿ, ಕತ್ತೆ ಸಿಗಲಿ, ಅಂಗೈ ಚಪ್ಪಟೆ ಮಾಡಿ ಕಡಲೆ ಹಿಡಿಯುತ್ತಿದ್ದ. ಮದುವೆಯಾದ ಹೊಸತರಲ್ಲಿ ಸಕ್ಕುಬಾಯಿಗೂ ಹಾಗೆಯೇ ಕೊಡಲು ಹೋಗಿ ಬೈಸಿಕೊಂಡಿದ್ದ.

ಊರ ಬಾಯಿ ಸುಮ್ಮನಿರುತ್ತದೆಯೇ? ‘ಖಚ್ಚರ ಧರ್ಮಾ’ ಎಂದು ಹೆಸರಿಟ್ಟಿತು. ಧರ್ಮಣ್ಣ ನಕ್ಕುಬಿಟ್ಟ. ಸಾಲೆಯಲ್ಲಿ ‘ಖಚ್ಚರನ ಮಗ’ ಎನಿಸಿಕೊಂಡ ಕಲ್ಯಾಣಕುಮಾರ ನಗಲಿಲ್ಲ. ಮೀಸೆ ನೆರೆತರೂ ಆ ಸಿಟ್ಟು ಇಳಿದಿರಲಿಲ್ಲ. ಈ ಬಂದೂಕು ಆ ಸಿಟ್ಟಿನಿಂದಲೇ ಬಂದದ್ದೆಂದು ಸಕ್ಕುಬಾಯಿಗೆ ಗೊತ್ತಿತ್ತು. ಗೊತ್ತಿದ್ದೂ ಒಪ್ಪಲು ಮನಸ್ಸಾಗಲಿಲ್ಲ.

ಆಳಂದದ ಆ ಮ್ಯೂಜಿಯಮ್ಮೆಂದರೆ ಹಳೇ ಕಟ್ಟಡವೊಂದರ ಎರಡು ಕೋಣೆ. ನಿವೃತ್ತ ಮಾಸ್ತರ ಜಯತೀರ್ಥ ಊರೂರು ತಿರುಗಿ ಕೂಡಿಸಿದ ನಿಜಾಮರ ಕಾಲದ ಬೀಗಗಳು, ಸೇರು-ಪಾವುಗಳು, ಕೊಳಕೂರದ ಹೊಲದಲ್ಲಿ ಸಿಕ್ಕ ಒಂದು ವೀರಗಲ್ಲು. ವಯಸ್ಸಾದ ಮೇಲೆ ಧರ್ಮಣ್ಣ ದಿನಾ ಬಸ್ಸು ಹತ್ತಿ ಅಲ್ಲಿಗೆ ಹೋಗತೊಡಗಿದ. ಸಂಬಳವಿಲ್ಲ, ಕರೆದವರೂ ಇಲ್ಲ. ಧೂಳು ಹೊಡೆಯುವುದು, ಬಂದವರಿಗೆ ತೋರಿಸುವುದು. ಸಾಲೆಯ ಮಕ್ಕಳು ಬಂದರೆ ವೀರಗಲ್ಲಿನ ಮುಂದೆ ಸಾಲಾಗಿ ನಿಲ್ಲಿಸುವನು. ಎಲ್ಲರ ಕಣ್ಣು ಕತ್ತಿ ಎತ್ತಿದ ವೀರನ ಮೇಲಿದ್ದರೆ ಅವನು ಮೂಲೆಯಲ್ಲಿ ಕೆತ್ತಿದ ಆಕಳುಗಳನ್ನು ತೋರಿಸುವನು. “ಅಜ್ಜಾ, ನೀ ಎಷ್ಟು ಮಂದೀನ ಕೊಂದಿ?” ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತಿತ್ತು.

“ಮೊದಲ ಅಂಗೈ ಚಪ್ಪಟೆ ಮಾಡ್ರಿ,” ಎನ್ನುವನು. “ಬೆರಳ ಮಡಚಬ್ಯಾಡ್ರಿ, ಮಡಚಿದ್ರ ಕಡೀತಾವ.” ಒಂದೊಂದು ಅಂಗೈಗೂ ನಾಲ್ಕು ಕಡಲೆ ಇಟ್ಟು ಬಿಜಲಿಯ ಕಥೆ ಶುರುಮಾಡುವನು.

ಐತವಾರ ಮಗ ಏಳುವ ಮೊದಲೇ ಸಕ್ಕುಬಾಯಿ ಬಸ್ಸು ಹತ್ತಿದಳು. ಚೀಲದಲ್ಲಿ ಗಂಡನ ರುಮಾಲು, ಬಿಜಲಿಯ ಜೊತೆಗಿನ ಆ ಹಳೇ ಫೋಟೋ. ಸೆರಗಿನ ಗಂಟಿನಲ್ಲಿ ಅವನ ಕಿಸೆಯಲ್ಲಿ ಉಳಿದಿದ್ದ ಕಡಲೆಗೆ ಇನ್ನೊಂದಿಷ್ಟು ಸೇರಿಸಿ ಕಟ್ಟಿಕೊಂಡಿದ್ದಳು. ಯಾಕೆಂದು ಕೇಳಿದ್ದರೆ ಅವಳಿಗೂ ಗೊತ್ತಿರಲಿಲ್ಲ.

ಮಗ ಹಿಂದಿನ ದಿನವೇ ಒಯ್ದು ಕೊಟ್ಟಿದ್ದ ಪೈಲ್ವಾನ ಆಗಲೇ ವೀರಗಲ್ಲಿನ ಪಕ್ಕದ ಗೋಡೆ ಏರಿಬಿಟ್ಟಿದ್ದ. ಜಯತೀರ್ಥ ಕುರ್ಚಿ ಹಾಕುತ್ತಿದ್ದ.

“ಮಾಸ್ತರ, ಇದನ್ನ ಇಳಸ್ರಿ. ಇವ್ರು ನಮ್ಮನಿಯವ್ರಲ್ಲ.”

ಜಯತೀರ್ಥ ಕನ್ನಡಕ ತೆಗೆದು ಒರೆಸಿಕೊಂಡ. “ನನಗೂ ಕಸಿವಿಸಿ ಆಗೇದ್ರಿ ಅಕ್ಕಾವ್ರ. ಆದ್ರ ಮಗ ಆಸೆಪಟ್ಟು ತಂದಾನ, ಮಂದಿ ಬರೋ ಹೊತ್ತಾಗೇದ. ಸಭಾ ಮುಗೀಲಿ, ಆಮ್ಯಾಲ ನೋಡೋಣು.”

ಆಮೇಲೆ ನೋಡೋಣ ಎಂದವರು ಯಾವ ಕಾಲಕ್ಕೆ ನೋಡಿದ್ದಾರೆ? ಸಕ್ಕುಬಾಯಿ ಕುರ್ಚಿಯಲ್ಲಿ ಕುಳಿತಳು, ಎದ್ದಳು, ಹೊರಗೆ ಹೋದಳು, ಮತ್ತೆ ಒಳಗೆ ಬಂದಳು. ಕೊನೆಗೆ ತಡೆಯಲಾರದೆ ರುಮಾಲು ತೆಗೆದು ಬಂದೂಕಿನ ಮೇಲೆ ಹೊದಿಸಿ, ಚೌಕಟ್ಟಿನ ಸಂದಿಗೆ ಸಿಕ್ಕಿಸಿದಳು.

ಮೊದಲು ಬಂದವನು ಊರ ಹಿರಿಯ ಹುಲೆಪ್ಪ. ಸೈನಿಕರಿಗೆ ಹೀಗೊಂದು ಪದ್ಧತಿ ಇದ್ದೀತು ಎಂದುಕೊಂಡು, ತಾನು ತಂದಿದ್ದ ಶಾಲನ್ನು ರುಮಾಲಿನ ಮೇಲೆ ಹೊದಿಸಿ ಕೈ ಮುಗಿದ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಮಾಡದಿದ್ದರೆ ಅದು ನಮ್ಮ ಕಡೆಯ ಸಭೆಯೇ? ಶಾಲಿನ ಮೇಲೆ ಶಾಲು ಬಿತ್ತು. ಬಂದೂಕು, ಪೈಲ್ವಾನನ ಎದೆ, ಬೆಂಕಿ, ವಿಮಾನ ಎಲ್ಲ ಮುಚ್ಚಿಹೋಗಿ, ಚಳಿಗೆ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತವನಂತೆ ಧರ್ಮಣ್ಣನ ಮುಖವೊಂದೇ ಉಳಿಯಿತು. ಗಂಡ ಹೋದ ಮೇಲೆ ಮೊದಲ ಸಲ ಸಕ್ಕುಬಾಯಿಗೆ ನಗು ಬಂತು.

ಕಲ್ಯಾಣಕುಮಾರ ಬಂದವನೇ ಶಾಲುಗಳನ್ನೆಲ್ಲ ಎಳೆದು ತೆಗೆದ. ಅಡಿಯಲ್ಲಿ ಅಪ್ಪನ ರುಮಾಲು ಸಿಕ್ಕಿತು. ಅವ್ವನ ಕಡೆ ತಿರುಗಿದ.

“ಯಾಕ ಹಿಂಗ ಮಾಡಾಕತ್ತಿ ಬೇ? ಇರೋತನಕಾ ಮಂದಿ ನಕ್ಕರು. ಸತ್ತ ಮ್ಯಾಲಾದ್ರೂ ಅಪ್ಪ ಮರ್ಯಾದಿಲೆ ನಿಲ್ಲಲಿ ಬಿಡು.”

ಮಗನದೂ ಸಂಕಟವೇ. ಇನ್ನು ತನ್ನ ಮಾತು ನಡೆಯುವುದಿಲ್ಲ ಎನ್ನಿಸಿ ಸಕ್ಕುಬಾಯಿ ಕುರ್ಚಿಗೆ ಹೋಗಿ ಕುಳಿತಳು.

ಅಷ್ಟರಲ್ಲಿ ಸಾಲೆಯ ಮಕ್ಕಳು ಬಂದರು. ಸಾಲೆಗೆ ಹೊಸದಾಗಿ ಬಂದಿದ್ದ ಟೀಚರ್ ನೀತಾ ಅವರನ್ನು ಫೋಟೋದ ಮುಂದೆ ಸಾಲಾಗಿ ನಿಲ್ಲಿಸಿ, “ಎಲ್ಲಾರೂ ಅಜ್ಜಗ ಕೈ ಮುಗೀರಿ,” ಎಂದಳು. ಮುಂದಿದ್ದ ಹುಡುಗಿ ಅಜ್ಜನ ಮುಖ ನೋಡಿದಳು. ಅವನು ಹಚ್ಚಿದ್ದ ರೂಢಿಯಂತೆ ಬಲಗೈ ಮುಂದೆ ಚಾಚಿದಳು, ಅಂಗೈ ಚಪ್ಪಟೆ ಮಾಡಿ. ಅವಳನ್ನು ನೋಡಿ ಪಕ್ಕದವನು ಚಾಚಿದ. ಆಮೇಲೆ ಸಾಲಿಗೆ ಸಾಲೇ ಅಂಗೈ ಚಾಚಿ ನಿಂತಿತು. ಟೀಚರ್ ಗಾಬರಿಯಾಗಿ ಅತ್ತ ಇತ್ತ ನೋಡಿದಳು. ಬಂದೂಕಿನ ಕಡೆ ಒಂದು ಮಗುವೂ ಕಣ್ಣೆತ್ತಲಿಲ್ಲ.

ಸಕ್ಕುಬಾಯಿ ಎದ್ದು ಸೆರಗಿನ ಗಂಟು ಬಿಚ್ಚಿದಳು. ಒಂದೊಂದೇ ಅಂಗೈಗೆ ಕಡಲೆ ಇಡುತ್ತ ಬಂದಳು. ಸಾಲಿನ ಕೊನೆಯಲ್ಲಿ ಒಂದು ದೊಡ್ಡ ಕೈ ಇತ್ತು, ಟ್ರ್ಯಾಕ್ಟರಿನ ಎಣ್ಣೆ ಹತ್ತಿದ್ದು, ಬೆರಳು ಮಡಚಿದ್ದು.

“ಬೆರಳ ಮಡಚಬ್ಯಾಡಲೇ,” ಎಂದಳು. “ಕಡೀತಾವ.”

ಕಲ್ಯಾಣಕುಮಾರ ಬೆರಳು ಬಿಡಿಸಿದ. ಅಂಗೈಗೆ ಬಿದ್ದ ಕಡಲೆಯನ್ನು ಕಿಸೆಗೆ ಹಾಕಿಕೊಂಡ. ಆಮೇಲೆ ಇನ್ನೊಂದು ಕೈಯಿಂದ ಮೂಗು ಒರೆಸಿಕೊಂಡು, ಗೋಡೆಯ ಬಳಿ ಸ್ಟೂಲು ಎಳೆದ.

“ಯವ್ವಾ, ಆ ಹಳೇದು ತಂದೀಯೇನ್ ಬೇ?” ಎಂದ. “ಬಿಜಲಿ ಇರೋದು?”