ಆಮ್ಲದಲ್ಲಿ ಹೆಚ್ಚು ಹೊತ್ತು ಉಳಿದ ತಾಯಿ, ಮಗು

ಬೆಳಗಿನ ಐದೂವರೆ. ಹುಣಸೂರು ಪೇಟೆಯ ಓಣಿಯೊಂದರಲ್ಲಿ ಸರ್ದಾರ್ ಪಾಷಾ ಅಂಗಡಿಯ ಕದ ಅರ್ಧ ತೆರೆದು, ಮೇಣ ಬಳಿದು ಗೆರೆ ಕೊರೆದ ಸತುವಿನ ತಗಡನ್ನು ಆಮ್ಲದ ತಟ್ಟೆಗೆ ಇಳಿಸುತ್ತಾರೆ. ಹೊಗೆ ಗಂಟಲು ಹಿಡಿಯುತ್ತದೆ. ಅಕ್ಕಪಕ್ಕದವರು ಬರುವ ಮೊದಲೇ ಈ ಕೆಲಸ ಮುಗಿಯಬೇಕು. ಕೈ ತೊಳೆದು ಮಸೀದಿಗೆ ಹೊರಡುತ್ತಾರೆ.

"ಗಡಿಯಾರ ಯಾಕ್ ಸಾರ್? ನಮಾಜ್ ಮುಗಿಸ್ಕೊಂಡು ಬಂದ್ರೆ ಇಪ್ಪತ್ತು ನಿಮಿಷ. ಅಷ್ಟೊತ್ಗೆ ಆಮ್ಲ ಗೆರೇನ ಕಚ್ಚಿರ್ತದೆ."

ಪಾಷಾ ಅವರಿಗೆ ಅರವತ್ತಮೂರು. ನಲವತ್ತೊಂದು ವರ್ಷಗಳ ಕಸುಬು. ಆಮ್ಲ ತಾಗಿ ಬಲಗೈ ಬೆರಳುಗಳು ಹಳದಿಗಟ್ಟಿವೆ. ಒಂದು ಕಾಲದಲ್ಲಿ ಹುಣಸೂರು, ಕೆ.ಆರ್. ನಗರದ ಪ್ರೆಸ್ಸುಗಳಿಗೆ ಲಗ್ನಪತ್ರಿಕೆಯ ಚಿತ್ರಗಳ ಅಚ್ಚಿನ ಬ್ಲಾಕುಗಳನ್ನು ದಿನಕ್ಕೆ ಹನ್ನೆರಡರಂತೆ ಮಾಡಿಕೊಟ್ಟವರು. ಆಫ್‌ಸೆಟ್ ಮುದ್ರಣ ಬಂದ ಮೇಲೆ ಅವನ್ನು ಕೇಳುವವರಿಲ್ಲ. ಈಗ ಹಗಲೆಲ್ಲ ಸ್ಟೀಲ್ ಪಾತ್ರೆಗಳಿಗೆ ಹೆಸರು ಕೊರೆಯುತ್ತಾರೆ. ಮದುವೆಯ ತಿಂಗಳುಗಳಲ್ಲಿ ದಿನಕ್ಕೆ ಅರವತ್ತು. ತಗಡಿನಲ್ಲಿ ಚಿತ್ರ ಮಾಡುವ ಕೆಲಸ ತಿಂಗಳಿಗೆ ಎರಡು ಬಂದರೆ ಹೆಚ್ಚು.

ಕಳೆದ ಮೇ ತಿಂಗಳಲ್ಲಿ ಕಟ್ಟೆಮಳಲವಾಡಿಯ ಭದ್ರಮ್ಮ ಮಗಳು ಸೌಂದರ್ಯಳ ಮದುವೆ ಪಾತ್ರೆಗಳನ್ನು ತಂದರು. ಜೊತೆಗೆ ಒಂದು ಬೇಡಿಕೆ. ಮಗಳಿಗೆ ಎಂಟು ತಿಂಗಳಾಗಿದ್ದಾಗ ಗಂಡ ತೀರಿಕೊಂಡರು. ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಭದ್ರಮ್ಮ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಒಲೆಗೆ ಸೌದೆ ಒಟ್ಟಿದರು. ಆ ದಿನಗಳ ಒಂದು ಫೋಟೊವೂ ಇಲ್ಲ. ಹೆಣ್ಣು ಒಪ್ಪಿಸುವಾಗ ಕೊಡಲು ಅಂಥದೊಂದು ಚಿತ್ರ ಬೇಕು. ಅವರನ್ನು ಎದುರು ಕೂರಿಸಿಕೊಂಡು, ಮಾತಾಡಿಸುತ್ತಲೇ ಪಾಷಾ ತಗಡಿನ ಮೇಲೆ ಗೆರೆ ಎಳೆದರು.

ಆಮ್ಲಕ್ಕೆ ಹಾಕಿದ ದಿನ ನಮಾಜಿನ ನಂತರ ಮಸೀದಿಯಿಂದ ತೀರಿಕೊಂಡ ಹಿರಿಯರೊಬ್ಬರ ಜನಾಜಾ ಹೊರಟಿತು. ಪಾಷಾ ಹೆಗಲು ಕೊಟ್ಟರು. "ಹೆಗಲು ಕೊಟ್ಮೇಲೆ ನಡುದಾರೀಲಿ ಇಳಿಸೋಕಾಯ್ತದಾ?" ಖಬರಸ್ತಾನದಿಂದ ಮರಳುವಾಗ ಒಂದೂಕಾಲು ಗಂಟೆ ಕಳೆದಿತ್ತು. ಆಮ್ಲ ಗೆರೆಗಳನ್ನು ಮೀರಿ ತಿಂದಿತ್ತು. ಮಸಿ ತುಂಬಿ ಕಾಗದಕ್ಕೆ ಒತ್ತಿದರೆ ತಾಯಿಯ ಮುಖ ಕಪ್ಪು ಗುಳಿ, ಬೆರಳುಗಳು ಬೇರಿನಂತೆ ದಪ್ಪ, ಮಗು ಅವಳ ಎದೆಯೊಳಗೇ ಹೂತುಹೋದ ಹಾಗೆ. ಬೇರೆ ತಗಡಿರಲಿಲ್ಲ. ಮದುವೆಗೆ ಮೂರೇ ದಿನ.

"ತಾಯಿ ಮಾಡಿ ಅಂದ್ರೆ ದೆವ್ವ ಮಾಡವ್ರೆ," ಎಂದು ಪತ್ನಿ ಜಮೀಲುನ್ನೀಸಾ ಈಗಲೂ ಛೇಡಿಸುತ್ತಾರೆ. "ಇದ ಕಳಿಸಿದ್ರೆ ಹಿಂದ್ಗಡೇನೆ ಹೆಣ್ಣೂ ವಾಪಸ್ ಬತ್ತದೆ ಅಂದಿದ್ದೆ ಕಣ್ರೀ."

ಒಯ್ಯಲು ಬಂದ ಭದ್ರಮ್ಮನವರ ಕ್ಷಮೆ ಕೇಳಿ, ಪಾಷಾ ಚಿತ್ರವನ್ನು ಮಗುಚಿಟ್ಟರು. ಭದ್ರಮ್ಮ ಅದನ್ನು ತಿರುಗಿಸಿ ಬಹಳ ಹೊತ್ತು ನೋಡಿದರು.

"ನಗ್ತಾ ನಿಂತಂಗೆ ಮಾಡಿದ್ರೆ ಅದು ನಾನಲ್ಲ ಸಾಬ್ರೇ. ಬ್ಯಾರನ್ ಬಾಯಲ್ಲಿ ಮೈ ಬೇಯಿಸ್ಕೊಂಡು ನಿಂತಿದ್ದೋಳು ಇವಳೇ. ಮಗು ಸುಟ್ಟೋಗ್ಬಾರ್ದು ಅಂತ ಹಿಂಗೇ ಅವುಚ್ಕೊಂಡಿದ್ದೆ. ಕಟ್ಟು ಹಾಕ್ಸಿಕೊಡಿ, ಹೊತ್ತಾಯ್ತದೆ."

ಚಿತ್ರ ಈಗ ರಾವಂದೂರಿನಲ್ಲಿ, ಸೌಂದರ್ಯಳ ಅತ್ತೆಮನೆಯ ಹಜಾರದಲ್ಲಿದೆ. ಪಾಷಾ ಅದನ್ನು ಅಲ್ಲಿ ನೋಡಿಲ್ಲ. ಯಾಕೆ ಎಂದರೆ ಸಂಕೋಚದಿಂದ ನಗುತ್ತಾರೆ.

"ನೆಂಟರಲ್ಲ, ಇಷ್ಟರಲ್ಲ, ಏನಂತ ಹೋಗ್ಲಿ? ಗೋಡೆ ಮೇಲೆ ಹೆಂಗೆ ಕಾಣ್ತದೆ ಅಂತ ಒಂದ್ಸಲ ನೋಡ್ಬೇಕು ಸಾರ್. ಒಳೀಕ್ ಹೋಗಲ್ಲ. ಬಾಗಿಲಲ್ಲೇ ನಿಂತು ನೋಡ್ಕಂಡು ಬತ್ತೀನಿ."