ಅಂಗಿ ಒಗೆಸುತ್ತಿದ್ದ ಫುಟ್‌ಬಾಲ್ ಮೇಷ್ಟ್ರು

ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಬೂಟಿಲ್ಲದೆ ಚೆಂಡು ಒದ್ದು ಒದ್ದು ಕಿತ್ತುಬಂದದ್ದು ಮತ್ತೆ ಸರಿಯಾಗಿ ಬೆಳೆಯಲೇ ಇಲ್ಲವಂತೆ. ಹವಾಯಿ ಚಪ್ಪಲಿಯಿಂದ ಆ ಬೆರಳನ್ನು ಹೊರಗೆ ಚಾಚಿಕೊಂಡು ಮೈದಾನದ ಅಂಚಿನಲ್ಲಿ ನಿಲ್ಲುತ್ತಿದ್ದರು. ಕೊರಳಲ್ಲಿ ಸೀಟಿ ಇತ್ತು, ಊದುತ್ತಿದ್ದುದು ಕಡಿಮೆ. ಬಾಯೇ ಸಾಕಾಗಿತ್ತು.

ಅಶೋಕಪುರಂನ ನಮ್ಮ ಬೀದಿಯ ಮಕ್ಕಳಿಗೆಲ್ಲ ಅವರು ಫುಟ್‌ಬಾಲ್ ಮೇಷ್ಟ್ರು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ಪಾಳಿ ಮುಗಿಸಿ ಬಸ್ಸಿಳಿದವರು ಮನೆಗೆ ಹೋಗದೆ ಖಾಲಿ ಟಿಫನ್ ಡಬ್ಬಿ ಹಿಡಿದೇ ಮೈದಾನಕ್ಕೆ ಬಂದುಬಿಡುತ್ತಿದ್ದರು. ನನ್ನ ಮೊಮ್ಮಗಳು ಅವರ ಹುಡುಗಿಯರ ಟೀಮಿನಲ್ಲಿ ಗೋಲು ಹೊಡೆಯುವವಳು. ಅವಳಷ್ಟು ಚೆನ್ನಾಗಿ ಆಡುವವರು ಆ ಟೀಮಿನಲ್ಲಿ ಇನ್ನೊಬ್ಬರಿರಲಿಲ್ಲ. ಮೊಮ್ಮಗಳೆಂದು ಹೇಳುತ್ತಿಲ್ಲ. ಅವಳು ತಿರುವುವ ಮುದ್ದೆ ಗಂಟುಗಂಟು ಎಂದು ನೆಂಟರೆದುರೇ ಹೇಳಿದವಳು ನಾನು.

ಮೇಷ್ಟ್ರದ್ದು ಒಂದು ಕಟ್ಟಳೆ. ಮ್ಯಾಚ್ ಮುಗಿದ ಮೇಲೆ ಹದಿನೈದು ಬಿಳಿ ಅಂಗಿಗಳನ್ನೂ ಒಂದು ಚೀಲಕ್ಕೆ ತುಂಬಿ ಒಂದು ಮಗುವಿನ ಮನೆಗೆ ಕಳಿಸುತ್ತಿದ್ದರು. ಸರದಿ ಬಂದ ಮಗು ತನ್ನ ಕೈಯಾರೆ ಒಗೆದು ತರಬೇಕು. ದೊಡ್ಡವರು ಮುಟ್ಟುವಂತಿಲ್ಲ, ಮೆಷಿನ್ನಿಗೆ ಹಾಕುವಂತಿಲ್ಲ. ಒಗೆಯದವರಿಗೆ ಮುಂದಿನ ಮ್ಯಾಚ್ ಇಲ್ಲ.

ಇದನ್ನು ಕೇಳಿದ ದಿನವೇ ಹೋಗಿ ಜಗಳ ತೆಗೆದೆ.

“ಹೆಣ್ಮಕ್ಳಿಗೆ ಬಟ್ಟೆ ಒಗೆಯೋದು ಕಲಿಸೋಕೆ ನಾವಿಲ್ವಾ ಮೇಷ್ಟ್ರೇ? ನೀವು ಚೆಂಡು ಒದೆಯೋದು ಕಲಿಸಿ, ಸಾಕು.”

“ಗಂಡ್‌ಹುಡುಗ್ರೂ ಅವರ ಟೀಮಿಂದು ಒಗೀತಾರೆ ಕಣಮ್ಮ. ಭಾನುವಾರ ನೋಡಿ, ನಿಮ್ ಎದುರುಮನೆ ಪೈಲ್ವಾನ ಕಲ್ಲಿಗೆ ಬಡೀತಿರ್ತಾನೆ.”

ನೋಡಿದೆ. ಬಡಿಯುತ್ತಿದ್ದ. ಅವನಪ್ಪ ಪೇಪರ್ ಮರೆಮಾಡಿಕೊಂಡು ಕೂತಿದ್ದ, ಎಲ್ಲಿ ತನ್ನನ್ನೂ ಕರೆಯುತ್ತಾರೋ ಎಂದು.

ನಮ್ಮ ಮನೆಗೆ ಚೀಲ ಬಂದಾಗ ಮಾರನೆಯ ದಿನ ಮೊಮ್ಮಗಳಿಗೆ ಲೆಕ್ಕದ ಪರೀಕ್ಷೆ. “ಹೋಗಿ ಓದ್ಕೋ, ನಾನ್ ನೋಡ್ಕೋತೀನಿ” ಎಂದೆ. ನಾನು ಒಗೆದರೆ ಒಗೆದಂತೆಯೇ. ಚೆನ್ನಾಗಿ ಕುಕ್ಕಿ, ಕೊನೆಯ ನೀರಿಗೆ ನಾಲ್ಕು ತೊಟ್ಟು ನೀಲಿ ಹಾಕಿ, ಇಸ್ತ್ರಿ ಮಾಡಿ ಕಳಿಸಿದೆ. ಮೇಷ್ಟ್ರು ಒಂದು ಅಂಗಿಯನ್ನು ಬಿಸಿಲಿಗೆ ಹಿಡಿದು, “ನೀನೇ ಒಗೆದ್ಯೇನವ್ವ?” ಎಂದರಂತೆ. ಇವಳು ಹೂಂ ಎಂದಳಂತೆ. ಹನ್ನೆರಡು ವರ್ಷದ ಮಗು ಯಾವುದು ನೀಲಿ ಹಾಕುತ್ತದೆ? ಅಷ್ಟು ನನಗೆ ಹೊಳೆದಿರಲಿಲ್ಲ.

ಆ ಶನಿವಾರದ ಮ್ಯಾಚಿಗೆ ಜಿಲ್ಲಾ ತಂಡಕ್ಕೆ ಮಕ್ಕಳನ್ನು ಆರಿಸುವವರು ಬಂದಿದ್ದರು. ಮೇಷ್ಟ್ರು ನನ್ನ ಮೊಮ್ಮಗಳನ್ನು ಹೊರಗೆ ಕೂರಿಸಿದರು. ನಾನು ಸೆರಗು ಸಿಕ್ಕಿಸಿಕೊಂಡು ಹೋದೆ.

“ಒಗೆದಿದ್ದು ನಾನು. ನನ್ನ ಬೈರಿ, ಮಗೂನ ಆಡ್ಸಿ.”

“ಗೊತ್ತು ಕಣಮ್ಮ. ಅಂಗಿ ಬೆಳ್ಳಗಾಗ್ಲಿ ಅಂತ ನಾನು ಕೊಡಲ್ಲ. ಯಾರ ಅಂಗಿ ಎಷ್ಟು ಮಣ್ಣಾಗಿದೆ ಅಂತ ಒಗೆಯೋರಿಗೇ ಗೊತ್ತಾಗೋದು. ನಿಮ್ಮ ಹುಡುಗಿ ಯಾರಿಗೂ ಚೆಂಡು ಕೊಡಲ್ಲ. ಹೇಳಿ ಹೇಳಿ ಸಾಕಾಯ್ತು. ಕೈಲಿ ಹಿಡಿದಾದ್ರೂ ನೋಡ್ಲಿ ಅಂತಿದ್ದೆ, ನೀವು ನೋಡೋಕೆ ಬುಡ್ಲಿಲ್ಲ.”

“ಆರಿಸೋರು ಇನ್ನೊಂದ್ಸಲ ಬರ್ತಾರೇನ್ರೀ?”

“ಬರ್ದೇ ಇರಬಹುದು,” ಎಂದು ಆಟದ ಕಡೆ ತಿರುಗಿಕೊಂಡರು.

ನಮ್ಮ ಟೀಮು ಸೋತಿತು. ಯಾರನ್ನೂ ಆರಿಸಲಿಲ್ಲ. ಇನ್ನು ಅಲ್ಲಿಗೆ ಕಾಲಿಡಬೇಡ ಎಂದು ಇವಳಿಗೆ ಹೇಳಿದೆ. ಮೂರು ದಿನ ಅತ್ತಳು, ನಾಲ್ಕನೆಯ ದಿನ ನನ್ನ ಮಾತು ಮೀರಿ ಹೋದಳು.

ಮತ್ತೆ ಸರದಿ ಬಂದಾಗ ನಾನು ನಲ್ಲಿಯ ಹತ್ತಿರ ಸುಳಿಯಲಿಲ್ಲ. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಒಂದು ಅಂಗಿ ಹಿಡಿದುಕೊಂಡು ಬಂದಳು.

“ಅಜ್ಜಿ, ಎಂಟನೇ ನಂಬರಿಂದು ನೋಡು. ಬೆವರು ನಾತ ಹೊಡೀತಿದೆ, ಒಂದ್ ಚೂರೂ ಮಣ್ಣಿಲ್ಲ.”

“ಅಂದ್ರೇನೇ?”

“ಪೂರ್ತಿ ಓಡಿದಾಳೆ. ನಾನು ಒಂದ್ಸಲಾನೂ ಅವಳಿಗೆ ಚೆಂಡು ಕೊಟ್ಟಿಲ್ಲ.”

ನಾನು ಆ ಅಂಗಿಯನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಅವರೆಕಾಳು ಬಿಸಿಲಿಗೆ ಬಾಡುತ್ತಿತ್ತು.

ಮರುವರ್ಷ ಆರಿಸುವವರು ಬಂದರು. ಮ್ಯಾಚ್ ಮುಗಿಯುತ್ತಾ ಬಂದಿತ್ತು, ಇವಳ ಕಾಲಲ್ಲಿ ಚೆಂಡು, ಎದುರಿಗೆ ಗೋಲು. ಒಬ್ಬಳು ಅಡ್ಡ ಬಂದಳು. ಇವಳು ಚೆಂಡನ್ನು ಪಕ್ಕಕ್ಕೆ ತಳ್ಳಿದಳು, ಎಂಟನೇ ನಂಬರಿನವಳು ಹೊಡೆದಳು. ಅವರು ಆರಿಸಿಕೊಂಡದ್ದು ಆ ಹುಡುಗಿಯನ್ನೇ, ಇವಳನ್ನಲ್ಲ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಇವಳು ಮಾತ್ರ ಆ ಹುಡುಗಿಯನ್ನು ಎತ್ತಿಕೊಂಡು ಕುಣಿಯುತ್ತಿದ್ದಳು.

ಮೇಷ್ಟ್ರು ಪಕ್ಕಕ್ಕೆ ಬಂದು ನಿಂತು, “ಈಗ ನನ್ನ ಬೈರಿ ಕಣಮ್ಮ” ಎಂದರು. ನಾನು ಕುಣಿಯುತ್ತಿದ್ದವರಿಗೆ ನೀರು ಕೊಡಲು ಹೋದೆ.

ಈ ಬೇಸಿಗೆಯಲ್ಲಿ ಅವರು ಎದೆನೋವು ಬಂದು ಹೋದರು. ಕಾರ್ಖಾನೆಯವರು ಹಾರ ತಂದರು, ಮಕ್ಕಳು ಬರಿಗೈಯಲ್ಲಿ ಸಾಲಾಗಿ ನಿಂತಿದ್ದರು. ಮೂರನೆಯ ದಿನ ಬೆಳಿಗ್ಗೆ ಆಟದ ಹೊತ್ತಿಗೆ ನೋಡಿದರೆ ಮೈದಾನದಲ್ಲಿ ಎರಡು ನಾಯಿ ಮಲಗಿದ್ದವು, ಮಕ್ಕಳಿಲ್ಲ. ಮೊಮ್ಮಗಳನ್ನು ಎಬ್ಬಿಸಿ ಮುಂದೆ ಕಳಿಸಿ, ನಾನು ಒಂದೊಂದೇ ಬಾಗಿಲು ತಟ್ಟುತ್ತಾ ಹೋದೆ. ಮೂಲೆಮನೆಯವಳು ಸಿಡುಕಿದಳು.

“ಮೇಷ್ಟ್ರು ಹೋಗಿ ಮೂರು ದಿನ ಆಗಿಲ್ಲ. ಈಗ ಆಟ ಬೇಕೇನಜ್ಜಿ?”

“ಆಟ ಅಂತಾನೇ ನಾನೂ ಅಂದ್ಕೊಂಡಿದ್ದೆ ಕಣೇ,” ಎಂದೆ. “ಎಬ್ಬಿಸು ಮಗಳನ್ನ.”