ಏಳು ಗಂಡಂದಿರು ಕಡಿಮೆ

ಏ, ಚಹಾದಂಗಡಿ ಮುಂದ ನಿಂತವರ, ಚೂರು ಈ ಕಡೆ ಬರ್ರಿ. ನಮ್ಮ ಹಾನಗಲ್ಲಿನ ಗೋಪಿಕಾಬಾಯಿದು ಒಂದ ದಿನದ ಕಥಿ ಹೇಳ್ತೇನಿ.

೧೯೮೮ರ ಮಳೆಗಾಲ. ಬಡ ಹೆಂಗಸರ ಹೆಸರಿಗೆ ಮನೆ ಜಾಗ ಕೊಡಿಸುವ ಸಂಘವೊಂದು ಹಾನಗಲ್ಲಿಗೆ ಕಂಪ್ಯೂಟರ್ ತಂದಿತ್ತು. ಯಂತ್ರವೆಲ್ಲ ಒಳಕೋಣೆಯಲ್ಲಿ, ಹೊರಗಿನ ಮೇಜಿನ ಮೇಲೆ ಬರೀ ಪರದೆ, ಕೀಲಿಮಣೆ, ಹಸಿರು ಇಂಗ್ಲಿಷ್ ಅಕ್ಷರ. ಅದರ ಮುಂದೆ ಗೋಪಿಕಾಬಾಯಿ. ಇನ್ನೂರ ಹನ್ನೆರಡು ಹೆಂಗಸರ ಹೆಸರನ್ನು ಅವಳು ಟೈಪು ಮಾಡಿದ್ದಳು. ಗಂಡಂದಿರ ಹೆಸರನ್ನು, ಮನೆಮನೆಯಲ್ಲಿ ಬರೆದುಕೊಂಡ ಹಾಳೆ ನೋಡಿ, ಸವಣೂರು ಶಾಖೆಯ ಅನಂತ ಟೈಪು ಮಾಡಿ ಫ್ಲಾಪಿಯಲ್ಲಿ ಕಳಿಸಿದ್ದ. ಆ ಪಟ್ಟಿಯನ್ನು ಇಡಿಯಾಗಿ ಎತ್ತಿ ಈ ಪಟ್ಟಿಯ ಪಕ್ಕ ಅಂಟಿಸಿದರೆ ಮುಗಿಯಿತು. ನಾಲ್ಕಕ್ಕೆ ಜೀಪು ಅದನ್ನು ಧಾರವಾಡಕ್ಕೆ ಒಯ್ಯುವುದಿತ್ತು. ಹಕ್ಕುಪತ್ರದಲ್ಲಿ ಗಂಡನ ಹೆಸರು ತಪ್ಪಿದರೆ ಜಾಗ ಕೈಬಿಟ್ಟಂತೆಯೇ.

ಅಂಟಿಸಿದಳು. ಕೊನೆಯ ಏಳು ಹೆಂಗಸರ ಎದುರು ಖಾಲಿ. ಅಳಿಸಿ ಮತ್ತೆ ಅಂಟಿಸಿದಳು. ಅದೇ ಏಳು. ಯಂತ್ರ ಆರಿಸಿ, ಹಚ್ಚಿ, ಇಪ್ಪತ್ತಿಪ್ಪತ್ತು ಸಾಲು ತುಂಡು ಮಾಡಿ ಅಂಟಿಸಿದರೂ ಅದೇ ಏಳು. ಮಧ್ಯಾಹ್ನವಾಯಿತು, ಡಬ್ಬಿ ಬಿಚ್ಚಲಿಲ್ಲ.

ಕಸ ಗುಡಿಸುವ ಅನ್ನವ್ವನ ಹೆಸರೂ ಪಟ್ಟಿಯಲ್ಲಿತ್ತು.

“ಅನ್ನವ್ವ, ನಿಮ್ಮ ಓಣಿಯವರದ ಮೊದಲ ಅದ. ಓದ್ತೇನಿ, ಸರಿ ಅದನೋ ಇಲ್ಲೋ ಹೇಳು. ಮಂಜವ್ವ, ಗಂಡ ಬಸವಣ್ಣೆಪ್ಪ.”

“ಖರೇ ಐತ್ರಿ.”

ಹದಿನೆಂಟು ಹೆಸರು ಸರಿಯಾಗಿ ಸಾಗಿದವು.

“ಅನ್ನವ್ವ, ಗಂಡ ಉಳಿವೆಪ್ಪ.”

ಕಸಬರಿಗೆ ನಿಂತಿತು. “ಅವ ಬಾಜೂಮನಿ ಅಡಿವೆವ್ವನ ಗಂಡ್ರಿ ಬಾಯಿಯಾರ. ಆಕಿ ಕೇಳಿದ್ಲಂದ್ರ ನನ್ನ ತುರುಬ ಕೈಯಾಗ ಹಿಡೀತಾಳ.”

“ಹಂಗಾದ್ರ ನಿನ್ನ ಗಂಡ ಯಾರು?”

“ಅದನ್ನ ನನ್ನ ಬಾಯಿಲೆ ಹೆಂಗ ಹೇಳೂದ್ರಿ? ಬರಕೊಳ್ಳಾಕ ಬಂದಾವಗೂ ಹೇಳಲಿಲ್ಲ. ಗೀಟ ಎಳಕೊಂಡ ಹ್ವಾದ.”

ಗೋಪಿಕಾಬಾಯಿಗೆ ಆಗ ಹೊಳೆಯಿತು. ಯಂತ್ರದ ತಪ್ಪಲ್ಲ. ಗಂಡನ ಹೆಸರು ಹೇಳಲೊಲ್ಲದ ಏಳು ಹೆಂಗಸರ ಎದುರು ಹಾಳೆಯಲ್ಲಿ ಗೀಟಿತ್ತು. ಅನಂತ ಗೀಟು ಬಿಟ್ಟು ಮುಂದಿನ ಹೆಸರು ಹೊಡೆದಿದ್ದ. ಅಲ್ಲಿಂದ ಕೆಳಗಿನ ಗಂಡಂದಿರೆಲ್ಲ ಒಂದೊಂದು ಮನೆ ಮೇಲೆ ಸರಿದಿದ್ದರು. ಸವಣೂರಿಗೆ ಫೋನು ಹತ್ತುವ ಹೊತ್ತಿಗೆ ಎರಡೂವರೆ.

“ಖಾಲಿ ಸಾಲು ಯಾಕಂತ ಬಿಟ್ಟೆ,” ಎಂದ ಅನಂತ. “ಬರಕೊಂಡ ಹಾಳಿ? ಮಾಡು ಸೋರಿ ಎಲ್ಲಾ ಮುದ್ದಿ ಆಗ್ಯಾವ.”

ಅವಳು ಅನ್ನವ್ವನ ಕೈ ಹಿಡಿದಳು. “ಮದವಿಯಾಗ ಒಡಪಾ ಹಾಕಿ ಹೆಸರು ಹೇಳ್ತೀರಲ್ಲ, ಹಂಗರ ಹೇಳ.”

ಅನ್ನವ್ವ ಸೆರಗು ಹೊದ್ದು, ಗೋಡೆಗೆ ಮುಖ ಮಾಡಿ ನಿಂತಳು. “ಹಾನಗಲ್ಲ ಕೆರಿ ತುಂಬೈತಿ ಈ ಮಳಿಗಾಲಕ್ಕ, ಗುಡ್ಡಪ್ಪನವರ ಹೆಸರು ಹೇಳತೇನಿ ಬಾಯಿಯಾರ ಒತ್ತಾಯಕ್ಕ.”

ಹತ್ತೊಂಬತ್ತನೆಯ ಸಾಲಿಗೆ ಗುಡ್ಡಪ್ಪನನ್ನು ಸೇರಿಸಿ ಮತ್ತೆ ಅಂಟಿಸಿದಳು. ಉಳಿವೆಪ್ಪ ಅಡಿವೆವ್ವನ ಮನೆಗೆ ಮರಳಿದ. ಓಣಿ ಸರಿಹೋಯಿತು. ಆದರೆ ಉಳಿದ ಆರು ಗೀಟುಗಳು ಹುಲಗೂರಿನಲ್ಲೋ, ಅಕ್ಕಿಆಲೂರಿನಲ್ಲೋ, ಯಾವ ಬಾಗಿಲಲ್ಲೋ.

ಕಾರ್ಯದರ್ಶಿ ರಾಘವೇಂದ್ರರಾಯರ ಮುಂದೆ ಹೋಗಿ ನಿಂತಳು. “ಎರಡು ದಿನ ಕೊಡ್ರಿ ಸರ್. ಮನಿ ಮನಿ ಅಡ್ಡಾಡಿ ಕೇಳಿಕೊಂಡ ಬರ್ತೇನಿ.”

“ಸೋಮವಾರ ಹಂಚೋದದ, ಪೆಂಡಾಲ ಹಾಕಲಿಕ್ಹತ್ಯಾರ. ಆಮ್ಯಾಲ ತಿದ್ದಿಸಿಕೋತಾರ ಬಿಡು.”

ತಿದ್ದಿಸಲು ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿದವರನ್ನು ಅವಳು ದಿನವೂ ನೋಡುತ್ತಿದ್ದಳು.

“ಕೊನೀ ಆರು ಖಾಲಿ ಅವ, ಸರ್.”

“ಖಾಲಿ ಇದ್ರ ಧಾರವಾಡದಾಗ ತಗೊಳ್ಳೂದಿಲ್ಲ. ವಿಧವಾ ಅಂತ ಹಾಕು.”

“ಅವರ ಗಂಡಂದಿರು ಬದುಕ್ಯಾರ.”

“ನೀ ನೋಡೀಯೇನು?”

ನೋಡಿದ್ದಳು. ಆ ಆರೂ ಗಂಡಸರ ಹೆಸರು ಪರದೆಯ ಮೇಲೆಯೇ ಇದ್ದವು, ತುಸು ಮೇಲೆ, ಬೇರೆ ಹೆಂಗಸರ ಪಕ್ಕ. ಹೊರಗೆ ಜೀಪು ಹಾರನ್ ಹೊಡೆಯುತ್ತಿತ್ತು. ಅನ್ನವ್ವ ಬಾಗಿಲಲ್ಲಿ ಇಣುಕಿ, “ನಮ್ಮ ಓಣೀದ ಸರಿ ಆತಲ್ರಿ, ಇನ್ನ ಯಾಕ ಸಪ್ಪಗ ನಿಂತೀರಿ?” ಎಂದಳು.

ಗೋಪಿಕಾಬಾಯಿ ಪರದೆಯ ಮುಂದೆ ಹೋಗಿ ಕೂತಳು. ಆರು ಸಲ ಅದನ್ನು ಟೈಪು ಮಾಡಲು ಬೆರಳು ಬಾರದೆ, ವಿಧವೆ ಎಂದು ಒಂದೇ ಸಲ ಹೊಡೆದಳು. ಉಳಿದ ಐವರ ಎದುರು ಅದನ್ನೇ ಎತ್ತಿ ಅಂಟಿಸಿದಳು. ಒಂದಕ್ಷರವೂ ಅತ್ತಿತ್ತ ಸರಿಯಲಿಲ್ಲ.